ನನಗೆ ನಾನೇ ಸಾಹೇಬ

ಮೇಲೆ ಸಾಹೇಬರಿಲ್ಲದ ಕಚೇರಿ ಸ್ವರ್ಗ ಎನ್ನುವವರು ಅಲ್ಲಿ ಒಂದು ವಾರ ಕೂತು ನೋಡಬೇಕು. ಫಜೀತಿಗಳು ವಿಳಾಸ ಹುಡುಕಿಕೊಂಡು ಬರುತ್ತವೆ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ನನ್ನನ್ನು ಗಾಳಿಬೀಡಿನ ಒಂದು ಉಪಕಚೇರಿಗೆ ಗುಮಾಸ್ತನಾಗಿ ಹಾಕಿದರು. ಒಂದು ಬಾಡಿಗೆ ಕೋಣೆ, ಒಂದು ಬೀರು, ಎರಡು ಕುರ್ಚಿ. ದೊಡ್ಡ ಕುರ್ಚಿಗೆ ಅಧಿಕಾರಿ ಇನ್ನೂ ನೇಮಕವಾಗಿರಲಿಲ್ಲ. "ಅವರು ಬರುವ ತನಕ ನೀವೇ ನೋಡಿಕೊಳ್ಳಿ" ಎಂದು ಮಡಿಕೇರಿಯಿಂದ ಬರೆದರು. ಹೆಂಡತಿ ಶನಿವಾರಸಂತೆಯಲ್ಲಿ ತುಂಬು ಬಸುರಿ. ಅಲ್ಲಿಗೆ ವರ್ಗವಾದರೆ ಸಾಕು ಎಂಬುದೊಂದೇ ನನ್ನ ಆಸೆ.

ಹಾಜರಿ

ಒಂದು ದಿನ ಇಪ್ಪತ್ತು ನಿಮಿಷ ತಡವಾಯಿತು. ಕೇಳುವವರಿರಲಿಲ್ಲ, ಆದರೆ ಮನಸ್ಸು ಒಪ್ಪಲಿಲ್ಲ. ಕಾರಣ ಕೇಳಿ ನನಗೇ ಮೆಮೊ ಬರೆದೆ. "ಮಂಜಿನಲ್ಲಿ ದಾರಿ ಕಾಣಲಿಲ್ಲ" ಎಂದು ಉತ್ತರವನ್ನೂ ಕೊಟ್ಟೆ. ನನ್ನ ವಾಸ ಕಚೇರಿಯ ಹಿಂದಿನ ಕೋಣೆಯಲ್ಲೇ ಆದ್ದರಿಂದ, ಉತ್ತರ ಸಮಾಧಾನಕರವಲ್ಲ ಎಂದು ಷರಾ ಹಾಕಿ ಅರ್ಧ ದಿನದ ರಜೆ ಕತ್ತರಿಸಿದೆ.

ಕೋಣೆಗಳನ್ನು ಬಾಡಿಗೆಗೆ ಕೊಟ್ಟಿದ್ದ ಮನೆಯ ಯಜಮಾನಿ ನನ್ನ ಮುಖ ನೋಡಿ, "ಎಂತ ಗುಮಾಸ್ತರೇ, ಬೈಗುಳ ತಿಂದವರ ಹಾಗೆ ಉಂಟಲ್ಲ? ಒಳಗೆ ಬೇರೆ ಯಾರೂ ಇಲ್ಲೆ ಅಲ್ವಾ?" ಎಂದರು.

ರಜೆ

ಮಗಳು ಹುಟ್ಟಿದಳು. ನಾಮಕರಣಕ್ಕೆ ನಾಲ್ಕು ದಿನ ರಜೆ ಕೋರಿ ಅರ್ಜಿ ಬರೆದೆ. ಎದ್ದು ಹೋಗಿ ದೊಡ್ಡ ಕುರ್ಚಿಯ ಪಕ್ಕ ನಿಂತು ಅದನ್ನು ಪರಿಶೀಲಿಸಿದೆ. ಕಚೇರಿಗೆ ಬೀಗ ಬೀಳುತ್ತದಲ್ಲ? "ಕೆಲಸದ ಒತ್ತಡವಿರುವುದರಿಂದ ಸಾಧ್ಯವಿಲ್ಲ" ಎಂದು ಬರೆದುಬಿಟ್ಟೆ. ಆ ವಾರ ಕಚೇರಿಗೆ ಬಂದವನು ಒಬ್ಬನೇ, ಅವನೂ ಬಸ್ಸು ಹೋಯಿತೇ ಎಂದು ಕೇಳಲು. ಮಗಳ ಹೆಸರು ನನಗೆ ತಿಳಿದದ್ದು ಕಾರ್ಡಿನಲ್ಲಿ.

ಕಾರ್ಡಿನ ಕೊನೆಗೆ ಹೆಂಡತಿ ಬರೆದಿದ್ದಳು: "ನಿಮಗೆ ರಜೆ ಕೊಡದ ಆ ಪುಣ್ಯಾತ್ಮನಿಗೆ ಹೆಂಡತಿ ಮಕ್ಕಳಿಲ್ಲವೇ?"

ವರ್ಗ

ಆಮೇಲೆ ವರ್ಗಕ್ಕೆ ಅರ್ಜಿ ಹಾಕಿ ಕಾದೆ. ಎರಡು ತಿಂಗಳಾದ ಮೇಲೆ ಮಡಿಕೇರಿಯಿಂದ ಅರಗು ಹಾಕಿದ ಲಕೋಟೆ ಬಂತು. ಮೇಲೆ "ಅಧಿಕಾರಿಗಳೇ ಒಡೆಯತಕ್ಕದ್ದು" ಎಂದಿತ್ತು. ನಾನು ಗುಮಾಸ್ತ. ಬೀರುವಿನಲ್ಲಿ ಜೋಪಾನವಾಗಿಟ್ಟು ಬೀಗ ಹಾಕಿದೆ.

ಒಂದು ವರ್ಷ ಕಳೆದು ಅಧಿಕಾರಿ ಬಂದರು. ಲಕೋಟೆ ಒಡೆದು ಓದಿ, ನನ್ನನ್ನೇ ನೋಡಿದರು.

"ನಿಮ್ಮನ್ನು ಶನಿವಾರಸಂತೆಗೆ ಹಾಕಿದ್ದರಲ್ರೀ. ಹದಿನೈದು ದಿನದೊಳಗೆ ಹಾಜರಾಗದಿದ್ದರೆ ರದ್ದು ಅಂತಲೂ ಇದೆ. ಒಡೆದು ನೋಡಲಿಲ್ವಾ?"

"ನನಗೆ ಅಧಿಕಾರವಿರಲಿಲ್ಲ ಸಾರ್."

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನಗೂ ನೀರು ಬಂದಿತ್ತು, ನಗದೆ. ಇನ್ನೊಮ್ಮೆ ವರ್ಗಕ್ಕೆ ಬರೆಯುತ್ತಾರೆಂದು ಆಸೆಯಿಂದ ನಿಂತೆ. ಅವರು ಬರೆದೇ ಬರೆದರು: "ಮೇಲ್ವಿಚಾರಣೆಯಿಲ್ಲದೆ ಇಷ್ಟು ಶಿಸ್ತಿನಿಂದ ದುಡಿಯುವ ನೌಕರ ಅಪರೂಪ. ಇವರನ್ನು ಯಾವ ಕಾರಣಕ್ಕೂ ಇಲ್ಲಿಂದ ಕದಲಿಸಬಾರದು."

ಅದಕ್ಕೆ ಅರಗು ಹಾಕಿ ಅಂಚೆಗೆ ಕೊಟ್ಟವನು ನಾನೇ.