ಕಿವಿಗೆ ಹೋದ ಲಕ್ಷಬತ್ತಿ

"ಇವತ್ತು ಈ ಹೆಡ್‌ಫೋನಿಗೆ ನಾನು ಪುನರ್ಜನ್ಮ ಕೊಡ್ತೀನಿ!"

ಭಾನುವಾರ ಬೆಳಗಿನ ಕಾಫಿ ಲೋಟ ಕೆಳಗಿಡುತ್ತ ತ್ರಿವಿಕ್ರಮ ಘೋಷಿಸಿದ. ರವೀಂದ್ರನಗರದ ಆ ಮನೆಗೆ ಇಂಥ ಘೋಷಣೆಗಳು ಹೊಸದಲ್ಲ. ಮಿಕ್ಸಿ, ಗೀಸರ್, ಕೊನೆಗೆ ಕಾಲಿಂಗ್ ಬೆಲ್ಲಿಗೂ ಆತ ಪುನರ್ಜನ್ಮ ಕೊಡಲು ಹೊರಟಿದ್ದ. ಪುನರ್ಜನ್ಮಕ್ಕೆ ಮೊದಲು ಏನಾಗಬೇಕೋ ಅದು ಮಾತ್ರ ಅವಕ್ಕೆಲ್ಲ ಸಾಂಗವಾಗಿ ಆಗಿತ್ತು.

"ಅದಕ್ಕೇನಾಗಿದೆ? ಹೊಸದಲ್ವಾ?" ಹೆಂಡತಿ ಮೀರಾ ಅಡುಗೆಮನೆಯಿಂದಲೇ ಕೇಳಿದಳು.

"ಹೊಸದೇ. ಆದ್ರೆ ಮಾಡಿದವನಿಗೆ ಕನ್ನಡಕ ಇರ್ಲಿಲ್ಲ ಅಂತ ಕಾಣುತ್ತೆ ಮಾರಾಯ್ತಿ! ಹಾಕ್ಕೊಂಡ್ರೆ ಕನ್ನಡಕದ ಕಡ್ಡಿ ತಲೆಗೇ ಒತ್ತುತ್ತೆ. ಮೃದಂಗ ಅಂತೂ ತಗಡಿನ ಡಬ್ಬ ಬಡಿದ ಹಾಗೆ ಕೇಳುತ್ತೆ."

"ಅಂಗಡೀಲಿ ಬದಲಾಯಿಸಿ ಕೊಡ್ತಾರಲ್ಲ."

"ಬದಲಾಯಿಸೋದು ಹೇಡಿಗಳ ಕೆಲಸ!"

ಸಂಜೆ ಮೀರಾ ಟಿವಿ ಹಾಕಿದಳೆಂದರೆ ಧಾರಾವಾಹಿಯ ಅತ್ತೆ ಸೊಸೆಯರ ಅರಚಾಟಕ್ಕೆ ಗೋಡೆಯ ಕ್ಯಾಲೆಂಡರೇ ಅಲುಗುತ್ತಿತ್ತು. ಆ ಹೊತ್ತಿನಲ್ಲಿ ಒಂದಿಷ್ಟು ವೀಣೆ ಮೃದಂಗ ಕೇಳಿ ಜೀವ ಉಳಿಸಿಕೊಳ್ಳಲೆಂದೇ ತ್ರಿವಿಕ್ರಮ ಹೆಡ್‌ಫೋನ್ ಕೊಂಡದ್ದು. ಈಗ ಮೊಬೈಲಿನಲ್ಲಿ ನಾಲ್ಕಾರು ವಿಡಿಯೋ ನೋಡಿ ಧ್ವನಿಶಾಸ್ತ್ರದಲ್ಲಿ ಪಾರಂಗತನೂ ಆಗಿಬಿಟ್ಟಿದ್ದ!

ಮೊದಲನೆಯದಾಗಿ ತಲೆಪಟ್ಟಿಯನ್ನು ಸಡಿಲಿಸಬೇಕು. ತಾತನ ಕಾಲದ ಸಂಸ್ಕೃತ ನಿಘಂಟುಗಳನ್ನು ಒಂದರ ಮೇಲೊಂದು ಪೇರಿಸಿ, ಅವುಗಳ ಮೇಲೆ ಹೆಡ್‌ಫೋನನ್ನು ಎಳೆದು ಕೂರಿಸಿದ. ತಾತ ತೀರಿಕೊಂಡ ಮೇಲೆ ಆ ನಿಘಂಟುಗಳು ಮೊದಲ ಸಲ ಉಪಯೋಗಕ್ಕೆ ಬಂದವು. "ಲಟ್" ಎಂದು ಸಣ್ಣದೊಂದು ಶಬ್ದವೂ ಬಂತು. ಅದನ್ನು ಅವನು ಯಶಸ್ಸಿನ ಶಬ್ದವೆಂದೇ ತಿಳಿದುಕೊಂಡ.

ಎರಡನೆಯದು ಕಿವಿಯ ಮೆತ್ತೆ. ಬ್ಲೇಡಿನಿಂದ ಹೊಲಿಗೆ ಬಿಚ್ಚಿ ನೋಡಿದರೆ ಒಳಗೆ ಹಪ್ಪಳದಷ್ಟು ತೆಳುವಾದ ಸ್ಪಂಜು! ವಿಡಿಯೋದವನು ಮೆತ್ತನೆಯ ಹತ್ತಿ ತುಂಬಿ ಅಂದಿದ್ದ. ಹತ್ತಿಗಾಗಿ ಮನೆಯೆಲ್ಲ ಹುಡುಕಿದಾಗ ದೇವರಮನೆಯ ಬಾಗಿಲ ಹಿಂದೆ ದೊಡ್ಡ ಸ್ಟೀಲ್ ಡಬ್ಬವೊಂದು ಸಿಕ್ಕಿತು. ಮುಚ್ಚಳ ತೆಗೆದರೆ ಬೆಳ್ಳಗಿನ ಎಳೆಗಳ ಕಂತೆ ಕಂತೆ! ಹಸುಗೂಸಿನ ಕೂದಲಿನಷ್ಟು ನಯ. ಯಾವುದೋ ಪಾರ್ಸೆಲ್ಲಿನ ಪ್ಯಾಕಿಂಗ್ ಇರಬೇಕೆಂದುಕೊಂಡ. ಪುರೋಹಿತರ ಮನೆತನದಲ್ಲಿ ಹುಟ್ಟಿದರೂ ದೇವರಮನೆಗೂ ಅವನಿಗೂ ನಂಟು ಪ್ರಸಾದಕ್ಕಷ್ಟೇ ಸೀಮಿತವಾಗಿತ್ತು.

ಒಂದು ಕಂತೆ ತೆಗೆದು, ಕತ್ತರಿಯಿಂದ ಚೂರು ಮಾಡಿ, ಹಿಂಜಿ ಮೆತ್ತೆಗೆ ತುಂಬಿದ. ಸಾಲಲಿಲ್ಲ. ಇನ್ನೊಂದು ತಂದ. ಮೃದಂಗಕ್ಕೆ ಗಾಂಭೀರ್ಯ ಬರಲೆಂದು ಸ್ಪೀಕರಿನ ಹಿಂದೆಯೂ ತುರುಕಿದ. ಮತ್ತೊಂದು ತಂದ. ಎಲ್ಲಕ್ಕೂ ಧಾರಾಳವಾಗಿ ಗಮ್ ಹಾಕಿ ಮುಚ್ಚಿ, ತಲೆಗೇರಿಸಿಕೊಂಡು ಕಣ್ಣು ಮುಚ್ಚಿದ.

ಆಹಾ! ಕಿವಿಗಳೆರಡೂ ತೊಟ್ಟಿಲಲ್ಲಿ ಮಲಗಿದಂತಿತ್ತು. ಮೃದಂಗ ಗುಮ್ಮೆಂದಿತು. ವೀಣೆ ಮಾತ್ರ ಎಲ್ಲಿಗೋ ಹೋಗಿತ್ತು. ಹೋಗಲಿ, ಇದ್ದ ಮೃದಂಗಕ್ಕೇ ತೊಡೆ ತಟ್ಟುತ್ತ ಕುಳಿತ. ಎದುರಿಗೆ ಮೀರಾ ಬಂದು ನಿಂತು ಬಾಯಿ ಆಡಿಸುತ್ತಿದ್ದಳು. ಒಂದಕ್ಷರ ಕೇಳಿಸಲಿಲ್ಲ. ಎಂಥ ಉತ್ತಮ ದರ್ಜೆಯ ಹೆಡ್‌ಫೋನ್ ಮಾಡಿಬಿಟ್ಟೆನಪ್ಪಾ ಎಂದು ಹಿಗ್ಗಿ, ಅವಳತ್ತ ತಲೆದೂಗಿದ.

ಮೀರಾ ಹೆಡ್‌ಫೋನ್ ಕಿತ್ತು ಕೈಗೆ ತೆಗೆದುಕೊಂಡಳು.

"ರೀ! ಅಮ್ಮನ ಲಕ್ಷಬತ್ತಿ ಡಬ್ಬ ತೆಗೆದಿದ್ದು ಯಾರು?"

"ಲಕ್ಷ... ಏನದು?"

"ಅಮ್ಮ ವರ್ಷವಿಡೀ ಕೂತು ಎಣಿಸಿ ಎಣಿಸಿ ಹೊಸೆದಿರೋ ಬತ್ತಿ! ಭದ್ರಾವತೀಲಿ ಮನೆಗೆ ಪೇಂಟ್ ಹೊಡೀತಿದಾರೆ ಅಂತ ಇಲ್ಲಿಟ್ಟಿದ್ದು. ನಾಳೆ ಕಾರ್ತಿಕದ ಕಡೇ ಸೋಮವಾರ. ದೇವಸ್ಥಾನದಲ್ಲಿ ಹಚ್ಚಬೇಕು. ಹೋದ ವಾರವೇ ಹೇಳಿದ್ನಲ್ಲ ನಿಮಗೆ!"

"ಆವಾಗ ನಾನು ಹೆಡ್‌ಫೋನ್ ಹಾಕ್ಕೊಂಡಿದ್ದೆ ಅಂತ ಕಾಣುತ್ತೆ," ಎಂದ ತ್ರಿವಿಕ್ರಮ, ಸಣ್ಣ ದನಿಯಲ್ಲಿ.

ಮೀರಾಳ ದೃಷ್ಟಿ ಕತ್ತರಿಯ ಮೇಲೆ ಬಿತ್ತು. ಅಲ್ಲಿಂದ ಚೂರುಗಳ ಮೇಲೆ, ಅಲ್ಲಿಂದ ಕೈಯಲ್ಲಿದ್ದ ಮೆತ್ತೆಯ ಮೇಲೆ. ವಿಚಾರಣೆ ಅಷ್ಟಕ್ಕೇ ಮುಗಿಯಿತು.

"ವಾಪಸ್ ತೆಗೆದುಕೊಡ್ತೀನಿ ಕಣೇ, ಈಗಲೇ..."

"ಕಿವಿಗೆ ಹಾಕ್ಕೊಂಡಿದ್ದನ್ನ ದೇವರಿಗೆ ಹಚ್ತೀರಾ?"

"ಹಾಗಾದ್ರೆ ಗಾಂಧಿ ಬಜಾರಲ್ಲಿ ರೆಡಿಮೇಡ್ ಬತ್ತಿ ಸಿಗುತ್ತಲ್ಲ..."

ಆ ಮಾತಿಗೆ ಮೀರಾ ನೋಡಿದ ನೋಟಕ್ಕೆ ಬತ್ತಿ ಇಲ್ಲದೆಯೇ ದೀಪ ಹೊತ್ತಿಕೊಳ್ಳುತ್ತಿತ್ತು. ಆಮೇಲೆ ಅವಳ ದನಿ ಇಳಿಯಿತು.

"ಅಮ್ಮ ಹರಕೆ ಹೊತ್ತಿದ್ದು ಯಾರಿಗೋಸ್ಕರ ಗೊತ್ತಾ? ನಿಮಗೋಸ್ಕರಾನೇ ರೀ. ಹೋದ ವರ್ಷ ಡೆಂಗಿ ಬಂದು ಪ್ಲೇಟ್‌ಲೆಟ್ ಇಳಿದು ನೀವು ಮಲಗಿದ್ರಲ್ಲ, ಆವಾಗ. ಕೈಯಾರೆ ಲಕ್ಷಬತ್ತಿ ಹೊಸೆದು ಹಚ್ತೀನಿ, ಅಳಿಯ ಎದ್ದು ಓಡಾಡ್ಲಿ ಅಂತ."

ತ್ರಿವಿಕ್ರಮನ ಮುಖ ಚಿಕ್ಕದಾಯಿತು. ಮಂಡಿ ನೋವಿನ ಅತ್ತೆ ತನಗೋಸ್ಕರ ಎಳೆ ಎಳೆಯಾಗಿ ಹೊಸೆದದ್ದನ್ನು ತಾನು ಕಿವಿಗೆ ದಿಂಬು ಮಾಡಿಕೊಂಡಿದ್ದ! ನಿಜವಾಗಿ ನಾಚಿಕೆಯಾಯಿತು.

ಮೀರಾ ಅಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು, ಸ್ಪೀಕರ್ ಹಾಕಿಕೊಂಡೇ. ಅತ್ತೆ ಜಗದಾಂಬಾ ಬೈಯಲಿಲ್ಲ. ಅದೇ ಭಯ ಹುಟ್ಟಿಸಿತು.

"ಎಷ್ಟು ಎಳೆ ಹೋಯ್ತಂತೆ?"

"ಲೆಕ್ಕ ಸಿಕ್ತಿಲ್ಲಮ್ಮ. ಹಿಂಜಿಬಿಟ್ಟಿದಾರೆ."

"ಹಾಗಾದ್ರೆ ಅಳಿಯಂದಿರೇ ಮಡಿ ಉಟ್ಟು ಕೂತು ಹೊಸೀಲಿ. ಡಬ್ಬಕ್ಕೆ ಮುಚ್ಚಳ ಹಾಕೋಕೆ ಆಗಬಾರದು, ಅಷ್ಟು ಹೊಸೀಲಿ. ಹೆಚ್ಚಾದ್ರೆ ದೋಷ ಇಲ್ಲ."

ಸರಿ, ಧ್ವನಿಶಾಸ್ತ್ರಜ್ಞ ತಣ್ಣೀರು ಸ್ನಾನ ಮಾಡಿ, ಮಡಿಪಂಚೆ ಉಟ್ಟು ಮಣೆಯ ಮೇಲೆ ಕುಳಿತ. ಅಂಗಡಿಯಿಂದ ಹತ್ತಿ ಬಂತು. ಅವನು ಹೊಸೆದ ಮೊದಲ ಬತ್ತಿಯನ್ನು ಮೀರಾ ಎತ್ತಿ ಹಿಡಿದು ನೋಡಿದಳು.

"ಇದನ್ನ ದೀಪಕ್ಕೆ ಹಾಕೋದಾ, ಎಮ್ಮೆ ಕಟ್ಟೋದಾ?"

"ಮೊದಲನೇದು ಹಾಗೇ ಬರುತ್ತೆ!"

"ಬೆರಳಿಗೆ ಚೂರು ಹಾಲು ಮುಟ್ಟಿಸ್ಕೊಳ್ಳಿ. ಹೂಂ, ಹಾಗೆ. ಎಳೀಬೇಡಿ, ಬಿಡಿ, ಅದಾಗೇ ಬರುತ್ತೆ."

ಮಧ್ಯಾಹ್ನದ ಹೊತ್ತಿಗೆ ಎಮ್ಮೆಯ ಹಗ್ಗ ಕರುವಿನ ಹಗ್ಗವಾಯಿತು. ಸಂಜೆಗೆ ಹಗ್ಗ ಹೋಗಿ ಎಳೆ ಬಂತು. ಬೆನ್ನು ಬಿಲ್ಲಾಯಿತು, ಕಾಲು ಜೋಮು ಹಿಡಿಯಿತು. ಟಿವಿಯಲ್ಲಿ ಅತ್ತೆ ಸೊಸೆಯರು ಜಗಳಾಡಿ ಒಂದಾಗಿ ಮತ್ತೆ ಜಗಳಾಡಿದರು. ಕಿವಿಗೆ ಹಾಕಿಕೊಳ್ಳೋಣವೆಂದರೆ ನಿಘಂಟಿನ ಮೇಲೆ ಲಟ್ ಅಂದಿದ್ದ ಹೆಡ್‌ಫೋನ್ ಈಗ ಎರಡು ಹೋಳಾಗಿ ಬಿದ್ದಿತ್ತು. ಕೊನೆಗೆ ಡಬ್ಬದ ಮುಚ್ಚಳ ಕೂರಲಿಲ್ಲ. ಮೀರಾ ಬಿಸಿ ಕಾಫಿ ತಂದು ಪಕ್ಕದಲ್ಲಿಟ್ಟಳು.

ಮರುದಿನ ಸಂಜೆ ಮೀರಾ ಸ್ಕೂಟರ್ ಓಡಿಸಿದಳು. ತ್ರಿವಿಕ್ರಮ ಹಿಂದೆ ಕುಳಿತು ಡಬ್ಬವನ್ನು ತೊಡೆಯ ಮೇಲೆ ಅಪ್ಪಿಕೊಂಡಿದ್ದ. ದಾರಿಯಲ್ಲಿ ಮಲವಗೊಪ್ಪದ ರಸ್ತೆಯುಬ್ಬಿನ ಮೇಲೆ ಗಾಡಿ ಎಗರಿದಾಗ ತನ್ನ ತಲೆಗಿಂತ ಮೊದಲು ಡಬ್ಬವನ್ನೇ ಹಿಡಿದುಕೊಂಡ.

ಭದ್ರಾವತಿ ಹಳೇನಗರದ ದೇವಸ್ಥಾನದ ಅಂಗಳದಲ್ಲಿ, ತುಪ್ಪದಲ್ಲಿ ನೆನೆದ ಬತ್ತಿಯ ರಾಶಿಗೆ ಅತ್ತೆ ಬೆಂಕಿ ಮುಟ್ಟಿಸಿದರು. ಜ್ವಾಲೆ ಆಳೆತ್ತರ ಎದ್ದಿತು. ಅತ್ತೆ ಕಣ್ಣು ಮುಚ್ಚಿ, ಇವನ ಹೆಸರು ಹೇಳಿ ಕೈ ಮುಗಿದರು. ತ್ರಿವಿಕ್ರಮನ ಕಣ್ಣು ಒದ್ದೆಯಾಯಿತು. ಹೊಗೆ, ಹೊಗೆ ಎಂದು ಒರೆಸಿಕೊಂಡ.

"ಇದರಲ್ಲಿ ನಮ್ಮ ಅಳಿಯಂದಿರು ಹೊಸೆದದ್ದೂ ಇದೆ. ಮಡಿ ಉಟ್ಟು, ಒಂದು ದಿನವೆಲ್ಲ ಕೂತು!" ಎಂದು ಅತ್ತೆ ಭಜನಾ ಮಂಡಳಿಯ ಹೆಂಗಸರಿಗೆ ಸಾರಿದರು.

"ಅಯ್ಯೋ, ಗಂಡಸರು ಬತ್ತಿ ಹೊಸೆಯೋದಾ! ಅಳಿಯ ಅಂದ್ರೆ ಹೀಗಿರ್ಬೇಕು ನೋಡಿ!"

ತ್ರಿವಿಕ್ರಮನ ಎದೆ ಉಬ್ಬಿತು. ಹೆಡ್‌ಫೋನ್ ಹೋದರೂ ಮಾನ ಉಳಿಯಿತು.

"ಅದಕ್ಕೇ ಒಪ್ಕೊಂಡುಬಿಟ್ಟೆ," ಎಂದರು ಅತ್ತೆ. "ಶಿವರಾತ್ರಿಗೆ ಮಂಡಳಿಯವರೂ ಲಕ್ಷಬತ್ತಿ ಹಚ್ತಾರಂತೆ. ಪಾಪ, ಇವರಿಗೆಲ್ಲ ಕಣ್ಣು ಕಾಣಲ್ಲ, ಕೈ ನಡುಗುತ್ತೆ. ಭಾನುವಾರ ಭಾನುವಾರ ನಮ್ಮ ಅಳಿಯಂದಿರೇ ಬಂದು ಹೊಸೆದು ಕೊಡ್ತಾರೆ ಅಂದೆ. ಹತ್ತಿ ಮೂಟೆ ಆಗಲೇ ಮನೇಲಿದೆ."

"ಅತ್ತೆ, ಅದು... ಭಾನುವಾರ ಒಂದೇ ದಿನ ನಾನು ಸ್ವಲ್ಪ ಸಂಗೀತ..."

"ಗೊತ್ತು, ಗೊತ್ತು. ನಿಮಗೆ ಸಂಗೀತ ಅಂದ್ರೆ ಪ್ರಾಣ ಅಂತ ಮೀರಾ ಹೇಳಿದಾಳೆ." ಅತ್ತೆ ಅಕ್ಕರೆಯಿಂದ ನಕ್ಕರು. "ನೀವು ಹೊಸೆಯೋವಷ್ಟು ಹೊತ್ತೂ ನಾವೆಲ್ಲ ಸುತ್ತ ಕೂತು ಭಜನೆ ಹೇಳ್ತೀವಿ. ತಾಳವೂ ಇರುತ್ತೆ. ಕಿವಿಗೆ ಏನೂ ಹಾಕ್ಕೊಳ್ಳೋದೇ ಬೇಡ!"