ಕಂದೀಲು ಹಿಡಿದವನ ಬೆನ್ನು

ನಮ್ಮ ದೊಡ್ಡಪ್ಪನಿಗೂ ಯಮನಿಗೂ ನೇರ ಮಾತುಕತೆ ಇದೆಯೆಂದು ಹೊನ್ನಾವರದ ಪಕ್ಕದ ಕಾಸರಕೋಡಿನ ಅರ್ಧ ಊರು ನಂಬಿದೆ. ಉಳಿದರ್ಧ ಊರು ಅವರನ್ನು ಹವಾಮಾನ ಇಲಾಖೆಯವರು ಎಂದುಕೊಂಡಿದೆ! ನಿಜಕ್ಕೂ ಅವರು ಮಾಡಿದ್ದು ಇಷ್ಟೇ: ಬದುಕಿಡೀ ಪತ್ರಿಕೆಯೊಂದಕ್ಕೆ ದಿನವೂ ನಾಲ್ಕು ಚೌಕದ ಕಾರ್ಟೂನು ಬರೆದರು. ಮೀನು ಮಾರುವ ಹೆಂಗಸು, ಅವಳ ಬುಟ್ಟಿಗೆ ಬಾಯಿ ಹಾಕುವ ಬೆಕ್ಕು. ದಿನವೂ ಬೆಕ್ಕೇ ಗೆಲ್ಲುತ್ತಿತ್ತು.

ಆದರೆ ಕೊನೆಯ ಚೌಕದಲ್ಲಿ, ಎಲ್ಲರ ಹಿಂದೆ, ಕಂದೀಲು ಹಿಡಿದು ಕಡಲ ಕಡೆ ನಡೆಯುವ ಒಬ್ಬ ಇರುತ್ತಿದ್ದ. ಬೆನ್ನು ಮಾತ್ರ ಕಾಣುತ್ತಿತ್ತು. ಕಥೆಗೂ ಅವನಿಗೂ ಸಂಬಂಧವೇ ಇಲ್ಲ. ಯಾರೆಂದು ಕೇಳಿದವರಿಗೆ ದೊಡ್ಡಪ್ಪ, "ಬೆಕ್ಕಿನ ಯಜಮಾನ" ಎನ್ನುತ್ತಿದ್ದರು.

ಒಮ್ಮೆ ಜಾಗ ಸಾಲದೆ ಪತ್ರಿಕೆಯವರು ಚಿತ್ರದ ಅಂಚು ಕತ್ತರಿಸಿದರು. ಕಂದೀಲಿನವನು ಮಾಯ! ಅದೇ ಸಂಜೆ ಎಲ್ಲಿಂದಲೋ ಗಾಳಿ ಎದ್ದು ದೋಣಿಯೊಂದು ಮಗುಚಿತು. ಅಂದಿನಿಂದ ಬಂದರಿನಲ್ಲಿ ಹೊಸ ಪದ್ಧತಿ: ಪತ್ರಿಕೆಯಲ್ಲಿ ಅವನನ್ನು ಕಾಣದೆ ಯಾರೂ ದೋಣಿ ಬಿಚ್ಚುತ್ತಿರಲಿಲ್ಲ. ಪತ್ರಿಕೆಯ ವ್ಯಾನು ಕುಮಟಾದಲ್ಲಿ ಕೆಟ್ಟು ನಿಂತ ದಿನ ಹೊನ್ನಾವರದ ಪೇಟೆಗೆ ಮೀನೇ ಬರಲಿಲ್ಲ. ಮುದ್ರಣ ಮಸುಕಾದರೆ ನಮ್ಮ ಬಾಗಿಲಿಗೇ ಜನ.

"ಇವತ್ತು ಅವನ ಕಂದೀಲು ಉರೀತದ್ಯ, ಇಲ್ವ?"

"ನಾ ಎಂತ ದೇವ್ರಾ? ಬೆಕ್ಕು ಬರ್ದು ಹೊಟ್ಟೆ ಹೊರ್ಯೋನು."

ಹೀಗೆ ಗದರುವ ದೊಡ್ಡಪ್ಪ ಜ್ವರ ಬಂದ ದಿನ ಬೆಕ್ಕನ್ನೇ ಕೈಬಿಟ್ಟು ಬರೀ ಬೆನ್ನು ಬರೆದು ಕಳಿಸಿದರು. ನಗಬೇಕೋ ಹೆದರಬೇಕೋ ನನಗೆ ತಿಳಿಯಲಿಲ್ಲ.

ಆ ಬೆನ್ನು ಯಾರದೆಂದು ನಮ್ಮ ಮನೆಯಲ್ಲಿ ಗೊತ್ತಿತ್ತು. ನಾನು ತೊಟ್ಟಿಲಲ್ಲಿದ್ದಾಗ ಕಂದೀಲು ಹಿಡಿದು ದೋಣಿಗೆ ಹೋದ ಅಪ್ಪ ಮರಳಲಿಲ್ಲ. ದೊಡ್ಡಪ್ಪನ ತಮ್ಮ. ಒಂದು ಫೋಟೋ ಕೂಡ ಇಲ್ಲ.

"ಒಂದ್ಸಲ ತಿರುಗ್ಸಿ ಬರೀರಿ ಭಾವ. ಮಗ ಅಪ್ಪನ ಮೊಖವೇ ನೋಡ್ಲಿಲ್ಲ" ಎಂದು ಅಮ್ಮ ಕೇಳಿದಾಗಲೆಲ್ಲ ದೊಡ್ಡಪ್ಪನಿಗೆ ಪೆನ್ಸಿಲು ಚೂಪು ಮಾಡುವ ಅವಸರ ಬಂದುಬಿಡುತ್ತಿತ್ತು.

ಕೈ ನಡುಗಿ ಅವರು ಬರೆಯುವುದನ್ನು ನಿಲ್ಲಿಸಿದ ಮೇಲೆ ಊರವರು ಸನ್ಮಾನ ಇಟ್ಟುಕೊಂಡರು. ಮೀನು ಹರಾಜು ಕೂಗುವ ಕಟ್ಟೆಯ ಗೋಡೆ ತುಂಬ ಅವರ ಕಾರ್ಟೂನೇ. ಬಣ್ಣ ಬಳಿಯಲು ಭಟ್ಕಳದಿಂದ ಬಂದ ಕಲಾವಿದ ಕಂದೀಲಿನವನ ಗೆರೆ ಎಳೆದು, ಬಣ್ಣ ತುಂಬದೆ ಬಿಟ್ಟಿದ್ದ. "ಬೆಳಿಗ್ಗೆ ನೋಡಿದ್ರೆ ಅವ ಸ್ವಲ್ಪ ಈಚೆ ತಿರುಗಿದ ಹಾಗಿತ್ತು. ನಾನು ಎಳೆದ ಗೆರೆ ಅಲ್ಲ ಅದು. ಮತ್ತೆ ಮುಟ್ಲಿಲ್ಲ" ಎಂದ.

ಸಭೆಯಲ್ಲಿ ಶಾಲು, ಹಾರ, ಮುಗಿಯದ ಭಾಷಣ. ನಡುವೆ ವೇದಿಕೆ ಹತ್ತಿದ ನಿಜವಾದ ಬೆಕ್ಕಿಗೇ ಹೆಚ್ಚು ಚಪ್ಪಾಳೆ! ಕೊನೆಗೆ ದೊಡ್ಡಪ್ಪನ ಕೈಗೆ ಕುಂಚ ಕೊಟ್ಟು, ಕಂದೀಲಿನವನನ್ನು ತಿರುಗಿಸಿ ಎಂದರು. ದೊಡ್ಡಪ್ಪ ಕುಂಚವನ್ನು ಗೋಡೆಯವರೆಗೆ ಒಯ್ದು ಕೆಳಗಿಳಿಸಿದರು.

"ಆಗೂದಿಲ್ಲ ತಂಗಿ," ಅಮ್ಮನ ಕಡೆ ತಿರುಗಿ ಮೆಲ್ಲಗೆ ಹೇಳಿದರು. "ಅವನ ಮೊಖ ನಂಗೆ ಮರ್ತೇಹೋಯ್ತು. ಆವತ್ತು ಹೋಗ್ವಾಗ ಕಂಡ ಬೆನ್ನೊಂದೇ ನೆನಪು."

ಅಮ್ಮ ಎದ್ದು ಗೋಡೆಯ ಬಳಿಗೆ ಹೋದಳು. "ನಾ ಹೇಳ್ತೆ. ನೀವು ಬರೀರಿ."

ಕೂಡಿದ ಹುಬ್ಬು. ಎಡಕ್ಕೆ ವಾಲಿದ ಮೂಗು. ತುದಿ ಮುರಿದ ಮುಂದಿನ ಹಲ್ಲು. ನಡುಗುವ ಕೈ ಬರೆಯುತ್ತ ಹೋಯಿತು. ಗೋಡೆಯೊಳಗಿಂದ ನನ್ನದೇ ಮುಖ, ನನಗಿಂತ ಎಳೆಯದು, ನನ್ನನ್ನು ನೋಡಿತು.

ದೊಡ್ಡಪ್ಪ ಕುಂಚ ಕೆಳಗಿಡಲು ಹೋದರು. ಅಮ್ಮ ತಡೆದಳು.

"ಇನ್ನೂ ಆಗ್ಲಿಲ್ಲ ಭಾವ. ಕೂದ್ಲು ಬೆಳ್ಳಗೆ ಮಾಡಿ. ಅವ್ರಿಗೂ ಈಗ ವಯಸ್ಸಾತು."

ದೊಡ್ಡಪ್ಪ ಬಿಳಿ ಬಣ್ಣ ಕೇಳಿದರು. ಡಬ್ಬಿ ಹಿಡಿದು ನಾನು ಪಕ್ಕದಲ್ಲಿ ನಿಂತೆ.