ಆರು ಪಾಯಿಂಟ್ ಹತ್ತರ ಬಾಗಿಲು

ಕಡಿಮೆ ಓದಿದವರಿಗೆ ಹೆಮ್ಮೆ ತುಸು ಹೆಚ್ಚೇ ಇರುತ್ತದೆ. ನನ್ನನ್ನೇ ನೋಡಿರಿ. ಆರನೇ ಇಯತ್ತೆಗೆ ಶಾಲೆ ಬಿಟ್ಟು ಗರಗಸ ಹಿಡಿದವನು. ನಾನು ಮಾಡಿದ ಬಾಗಿಲು ಹಾನಗಲ್ಲಿನಲ್ಲಿ ಒಂದು ದಿನವೂ ಕಿರ್ ಅಂದಿಲ್ಲವೆಂದು ಎಲ್ಲರಿಗೂ ನಾನೇ ಹೇಳುತ್ತಿರುತ್ತೇನೆ.

ಕಂಪ್ಯೂಟರ್ ಕಲಿಯುತ್ತಿರುವ ಮಗಳು ಕಾವೇರಿ ನಮ್ಮ ಅಂಗಡಿಗೆ ಮೊಬೈಲಿನಲ್ಲೇ ಆರ್ಡರ್ ತುಂಬುವ ಫಾರ್ಮ್ ಮಾಡಿದಳು. ಎತ್ತರ ಬರೆಯುವಲ್ಲಿ ಸವಣೂರಿನವರೊಬ್ಬರು "ನಮ್ಮ ಮಾವನವರಷ್ಟು" ಎಂದು ಬರೆದರು. ಮಾವನವರನ್ನು ಅಳೆಯಲು ಟೇಪು ಹಿಡಿದು ಸವಣೂರಿಗೆ ಹೋಗಲೇ? "ಅಂಕಿ ಬಿಟ್ಟು ಏನೂ ಒಳಗ ಬಿಡಬ್ಯಾಡ!" ಎಂದು ಗುಡುಗಿದೆ.

"ಅದಕ್ಕ ಜಾವಾಸ್ಕ್ರಿಪ್ಟಿನ್ಯಾಗ ರೆಡಿ ಲೈಬ್ರರಿ, ಅಂದ್ರ ಮೊದಲ ಬರದಿಟ್ಟ ಪ್ರೋಗ್ರಾಮು, ಐತಪ್ಪಾ. ಬರದದ್ದು ಅಂಕಿ ಹೌದೋ ಅಲ್ಲೋ, ಮೂರರಿಂದ ಒಂಬತ್ತರೊಳಗ ಐತೋ ಇಲ್ಲೋ, ಎಲ್ಲಾ ಅದ ನೋಡ್ತೈತಿ. ಆದ್ರ ಅಡಿಗೊಂದು, ಇಂಚಿಗೊಂದು ಬ್ಯಾರೆ ಖಾನೆ ಇಡೂನು."

"ಯಾಕ? ಆರಡಿ ಒಂಬತ್ತಿಂಚಿಗೆ 6.9 ಅಂತ ಮೂವತ್ತು ವರ್ಷ ಬರ್ಕೊಂತ ಬಂದೇನಿ. ಒಂದ ಸಾಕು."

ಸೊನ್ನೆ, ಮೈನಸ್ ಐದು, ನೂರು ಹಾಕಿ ನಾನೇ ಪರೀಕ್ಷೆ ಮಾಡಿದೆ. ಎಲ್ಲಕ್ಕೂ ತಪ್ಪೆಂದು ಕೆಂಪು ಅಕ್ಷರ! ಇದೂ ನನ್ನಂತೆಯೇ ಖಡಕ್ ಎಂದು ಖುಷಿಪಟ್ಟೆ.

ಆಮೇಲೆ ಬಂಕಾಪುರದ ಶಿವಕ್ಕನ ಆರ್ಡರ್ ಬಂತು. ಎತ್ತರ 6.1. ಮರುದಿನವೇ ಅವರ ಹೊಸ ಮನೆಯ ವಾಸ್ತುಶಾಂತಿ. ಅವರ ಅಜ್ಜನ ಕಾಲದ ತೊಲೆ ಸೀಳಿಸಿ ಕಳಿಸಿದ್ದ ಸಾಗವಾನಿ ಹಲಗೆಗಳು ಒಂದೇ ಬಾಗಿಲಿಗಾಗುವಷ್ಟಿದ್ದವು. ಕೆಟ್ಟರೆ ಬೇರೆ ಇಲ್ಲ. ಆರಡಿ ಒಂದಿಂಚಿಗೆ ಗೆರೆ ಎಳೆದೆ. ಗಿಡ್ಡ ಅನಿಸಿತು. ಆದರೆ ಅಷ್ಟು ಕಟ್ಟುನಿಟ್ಟಿನ ಲೈಬ್ರರಿ ಒಪ್ಪಿದ ಅಳತೆಗೆ ನಾನ್ಯಾಕೆ ತಕರಾರು ತೆಗೆಯಲಿ? ಗರಗಸ ಮೊದಲ ಹಲಗೆಯೊಳಗೆ ಒಂದಿಂಚು ಇಳಿಯಿತು. ಅಷ್ಟರಲ್ಲಿ ನನ್ನ ಬಾಯಿ ತುರಿಸಿತು. ಫೋನ್ ಹಚ್ಚಿದೆ.

"ಏನ್ರೀ ಶಿವಕ್ಕಾರ, ಬಂದ ಬೀಗರೆಲ್ಲಾ ಬಗ್ಗಿ ನಮಸ್ಕಾರ ಮಾಡ್ಕೊಂತ ಒಳಗ ಬರಬೇಕೇನ್ರಿ?"

"ಯಾಕ್ರೀ ಅಣ್ಣಾರ? ಆರಡಿ ಹತ್ತಿಂಚಿನ ಬಾಗಿಲಕ್ಕ ಯಾರ ಬಗ್ಗತಾರ? ನೀವು ಬರಿಯೂ ಹಂಗ 6.10 ಅಂತ ಬರದೇನಲ್ಲರಿ!"

ಗರಗಸವನ್ನು ಹಲಗೆಯಿಂದ ಎಳೆದು ತೆಗೆದೆ. ಕಾವೇರಿಯನ್ನು ಕೂಗಿದೆ. ಅವಳು ಹಲಗೆ ನೋಡಿದಳು, ಫಾರ್ಮ್ ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಅಂಕಿ ಅಂದ ಮ್ಯಾಲೆ ಪಾಯಿಂಟಿನ ಮುಂದಿನ ಕಡೀ ಸೊನ್ನಿಗೆ ಕಿಮ್ಮತ್ತಿಲ್ಲಪ್ಪಾ. 6.10 ಅಂದ್ರೂ ಅದಕ್ಕ 6.1 ಅಷ್ಟ. ಎರಡು ಖಾನೆ ಬ್ಯಾಡಂದವ್ರು ಯಾರು?"

ಆರಡಿ ಹತ್ತಿಂಚಿಗೆ ಹೊಸ ಗೆರೆ ಎಳೆದೆ. ಗರಗಸದ ಗಾಯ ಕೊರೆದು ತೆಗೆದು, ಅಲ್ಲೊಂದು ಕೆತ್ತಿದ ಹೂವು ಕೂಡ್ರಿಸಿದೆ. ಒಂದೇ ಕಡೆ ಇದ್ದರೆ ಸಂಶಯ ಬರುತ್ತದೆಂದು ಆಚೆ ಬದಿಗೂ ಇನ್ನೊಂದು. ಮರುದಿನ ಶಿವಕ್ಕ ಹೂವು ಸವರಿ, "ಕೇಳದ ಮಾಡೀರಲ್ಲರೀ ಅಣ್ಣಾರ!" ಎಂದು ಹಿಗ್ಗಿದರು. "ನಮ್ಮ ಕಡೆಯಿಂದ ಇರ್ಲಿ ಬಿಡ್ರಿ" ಎಂದೆ, ಮಗಳ ಕಡೆ ನೋಡದೆ.

ಈಗ ಫಾರ್ಮಿನಲ್ಲಿ ಅಡಿಗೊಂದು, ಇಂಚಿಗೊಂದು ಖಾನೆ ಇದೆ. ಬಂಕಾಪುರದ ಬಾಗಿಲು ನೋಡಿ ಬಂದವರು ಕೇಳುತ್ತಾರೆಂದು ಹೂವಿಗೂ ಒಂದು ಖಾನೆ ಇಟ್ಟಿದ್ದೇವೆ. ಅದನ್ನು ಯಾರಾದರೂ ಒತ್ತಿದಾಗಲೆಲ್ಲ ಕಾವೇರಿ ಕೇಳುತ್ತಾಳೆ: "ಅಪ್ಪಾ, ಮೊದಲಿಗೆ ತಪ್ಪು ಕೊಯ್ತೀಯೋ, ಸೀದಾ ಹೂವು ಕೂಡ್ರಸ್ತೀಯೋ?"